ಸುಲೋಚನಾ ಕೇಳಿಸಿಕೊಂಡ ಕೂಗು

ಸುಲೋಚನಾ ಎರಡು ಸಲ ನನ್ನ ಗ್ಯಾರೇಜಿಗೆ ಬಂದು, ಕಾರು ವಿಚಿತ್ರವಾಗಿ ಕೂಗುತ್ತಿದೆ ಎಂದು ಹೇಳಿದ್ದರು. ಆ ಕಾರು ಅಪಘಾತಕ್ಕೆ ಸಿಕ್ಕಿದ ಮೇಲೆ ಅವರ ಅಪ್ಪ ಮತ್ತು ತಮ್ಮ ಬಂದು ನನ್ನನ್ನು ಕೇಳಿದಾಗ, ಸುಲೋಚನಾ ಅಂಥದ್ದೇನೂ ಹೇಳಲೇ ಇಲ್ಲ ಎಂದೆ. ಸುಳ್ಳು ಹೇಳಿದೆ. ಸುಲೋಚನಾ ಅಲ್ಲೇ ನಿಂತಿದ್ದರು. ಅವರ ಮುಖ ನೋಡಿಕೊಂಡೇ ಹೇಳಿದೆ.

ಇದನ್ನು ಬರೆಯಲು ಕುಳಿತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಮೊದಲು ಬೇರೆ ಏನೇನೋ ಬರೆದಿದ್ದೆ — ನನ್ನ ಕಿವಿಯ ವಿಷಯ, ವಯಸ್ಸಿನ ವಿಷಯ, ಆ ಕಾಲಕ್ಕೆ ಗ್ಯಾರೇಜಿನಲ್ಲಿ ಇದ್ದ ಕೆಲಸದ ಒತ್ತಡ... ಓದಿ ನೋಡಿದರೆ ಎಲ್ಲವೂ ನನ್ನನ್ನು ಕಾಪಾಡಿಕೊಳ್ಳುವ ಮಾತುಗಳೇ. ಹರಿದು ಹಾಕಿದೆ. ಈಗ ಸುಳ್ಳನ್ನೇ ಮೊದಲು ಬರೆದಿದ್ದೇನೆ. ಉಳಿದದ್ದನ್ನು ಅದರ ಹಿಂದೆ ಹೇಳುತ್ತೇನೆ.

ನಾನು ಮೆಕ್ಯಾನಿಕ್. ಮನೆ ಬ್ರಹ್ಮಾವರದಲ್ಲಿ, ಗ್ಯಾರೇಜು ಕುಂದಾಪುರ ಪೇಟೆ ದಾಟಿ ಹೆದ್ದಾರಿ ಬದಿಯಲ್ಲಿ. ಹೆಸರು ವಾಸು, ಗಿರಾಕಿಗಳ ಬಾಯಲ್ಲಿ ವಾಸಣ್ಣ. ಮೀಸೆ ಮೂಡುವ ಮೊದಲೇ ಮುಂಬೈಗೆ ಹೋಗಿ ಅಲ್ಲಿನ ವರ್ಕ್‌ಶಾಪೊಂದರಲ್ಲಿ ಕೆಲಸ ಕಲಿತು ಬಂದವನು. ಈ ಕಡೆ ನನಗೆ ಹೆಸರು ಬಂದದ್ದು ಕೈಯಿಂದ ಅಲ್ಲ, ಕಿವಿಯಿಂದ. ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳಿದೆನೆಂದರೆ ರೋಗ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದೆ. ಬೈಂದೂರಿನಿಂದ, ಕೊಲ್ಲೂರಿನಿಂದ, ಹಾಲಾಡಿಯಿಂದ ಜನ ಬರುತ್ತಿದ್ದರು. "ವಾಸಣ್ಣನ ಕೆಮಿ ಒಂದ್ ಸಲ ಕೇಂಡ್ರೆ ಸಾಕ್" ಎನ್ನುತ್ತಿದ್ದರು; ಕೆಮಿ ಎಂದರೆ ನಮ್ಮಲ್ಲಿ ಕಿವಿ. ಆ ಮಾತು ನನಗೆ ಇಷ್ಟವಾಗುತ್ತಿತ್ತು. ಇಷ್ಟ ಎಂದರೆ ಕಡಿಮೆಯಾಯಿತು — ನಾನು ಅದರ ಮೇಲೆಯೇ ಬದುಕಿದ್ದೆ.

ಕಾರಿಗೆ ದೊಡ್ಡ ಟರ್ಬೋ ಹಾಕಿಸುವ ಹುಚ್ಚು ಈ ಕಡೆಯ ಹುಡುಗರಿಗೆ ಹಿಡಿದಾಗ ನನ್ನ ಕಿವಿಗೆ ಇನ್ನೂ ಬೆಲೆ ಬಂತು. ಟರ್ಬೋ ಎಂದರೆ ಶಂಖದ ಆಕಾರದ ಎರಡು ಕವಚಗಳೊಳಗೆ ಒಂದೇ ದಂಡಕ್ಕೆ ಕೂರಿಸಿದ ಎರಡು ಪುಟ್ಟ ಚಕ್ರಗಳು. ಹೊರಗೆ ಹೋಗುವ ಹೊಗೆ ಒಂದನ್ನು ತಿರುಗಿಸುತ್ತದೆ. ಅದರ ಜೊತೆ ತಿರುಗುವ ಇನ್ನೊಂದು ಇಂಜಿನ್ನಿಗೆ ಗಾಳಿ ತುಂಬುತ್ತದೆ. ಕೆಟ್ಟರೆ ಒಂದೊಂದು ರೋಗಕ್ಕೆ ಒಂದೊಂದು ಶಬ್ದ. ಗಾಳಿಯ ಪೈಪು ಬಿರಿದರೆ ಹಾವು ಬುಸುಗುಟ್ಟಿದಂತೆ. ಹೊಗೆಯ ಸಂದಿ ಸೋರಿದರೆ ಟಿಕ್ ಟಿಕ್ ಎಂದು. ಎಕ್ಸಲರೇಟರ್ ಬಿಟ್ಟಾಗ ಪಾರಿವಾಳ ರೆಕ್ಕೆ ಬಡಿದಂತೆ ಪಟಪಟ ಎಂದರೆ ಗಾಳಿ ಹಿಂದಕ್ಕೆ ಹೊಡೆಯುತ್ತಿದೆ ಎಂದು ಅರ್ಥ. ಇವೆಲ್ಲ ನಿಧಾನವಾಗಿ ಸರಿಮಾಡಬಹುದಾದವು. ಒಂದು ಶಬ್ದ ಮಾತ್ರ ಹಾಗಲ್ಲ. ಒಳಗಿನ ದಂಡ ಸವೆದು ಸಡಿಲಾಗಿ, ಚಕ್ರ ಕವಚಕ್ಕೆ ತಾಗತೊಡಗಿದರೆ ತೆಳ್ಳಗಿನ ಕೂಗು ಹೊರಡುತ್ತದೆ — ದೂರದಲ್ಲಿ ಎಲ್ಲೋ ಸೈರನ್ ಮೊಳಗಿದ ಹಾಗೆ, ವೇಗದ ಜೊತೆ ಏರುತ್ತ, ಇಳಿಯುತ್ತ. ಅದು ಕೇಳಿದ ಮೇಲೆ ಆ ಕಾರನ್ನು ಓಡಿಸಬಾರದು. ಪೈಪು ಬಿಚ್ಚಿ, ದಂಡದ ತುದಿಯನ್ನು ಬೆರಳಲ್ಲಿ ಹಿಡಿದು ಅಲುಗಿಸಿ ನೋಡಬೇಕು. ಅಲುಗಿದರೆ ಟರ್ಬೋ ಮುಗಿಯಿತು.

ಆ ತೆಳ್ಳಗಿನ ಕೂಗು ನನಗೆ ಕೇಳುವುದು ನಿಂತುಹೋಗಿತ್ತು.

ಮೊದಲು ಗೊತ್ತಾದದ್ದು ಮನೆಯಲ್ಲಿ. ಒಂದು ಸಂಜೆ ಜಗುಲಿಯಲ್ಲಿ ಚಹಾ ಕುಡಿಯುತ್ತ ಕುಳಿತಿದ್ದಾಗ ನನ್ನ ಹೆಂಡತಿ ಗಿರಿಜಾ, "ಎಂತ ಮಾರಾಯ್ರೆ ಇವತ್ತ್, ಜೀರುಂಡೆ ಕೂಗಿ ಕೂಗಿ ತಲಿ ಚಿಟ್ ಹಿಡಿತ್ತ್" ಎಂದಳು. ನಾನು ಕಿವಿಗೊಟ್ಟೆ. ತೋಟ ಸುಮ್ಮನಿತ್ತು. ಪಕ್ಕದ ಮನೆಯವರ ಮಾತು ಕೇಳುತ್ತಿತ್ತು, ಹೆದ್ದಾರಿಯ ಲಾರಿ ಕೇಳುತ್ತಿತ್ತು, ಜೀರುಂಡೆ ಮಾತ್ರ — ಇಲ್ಲ. ಅವಳಿಗೆ "ಹೌದ್ ಹೌದ್" ಎಂದುಬಿಟ್ಟೆ. ಆಮೇಲೆ ಯಾರಿಗೂ ಹೇಳದೆ ಉಡುಪಿಗೆ ಹೋಗಿ ಕಿವಿಯ ವೈದ್ಯೆಯೊಬ್ಬರನ್ನು ಕಂಡೆ. ಎತ್ತರದ ಸ್ವರಗಳಷ್ಟೇ ಹೋಗಿವೆ, ಗ್ರೈಂಡರ್ ಮತ್ತು ಕಂಪ್ರೆಸರಿನ ನಡುವೆ ಇಷ್ಟು ವರ್ಷ ಕಳೆದವರಿಗೆ ಹೀಗಾಗುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ, ಬೇಕಿದ್ದರೆ ಯಂತ್ರ ಹಾಕಿಕೊಳ್ಳಿ ಎಂದರು. ಯಂತ್ರ! ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ವಾಸಣ್ಣನ ಬಳಿಗೆ ಶಬ್ದ ಕೇಳಿಸಲು ಯಾರು ಬರುತ್ತಾರೆ? ಬೇಡ ಎಂದು ಬಸ್ಸು ಹತ್ತಿದೆ.

ಆಮೇಲೆ ಕಳ್ಳತನದಿಂದ ಕೆಲಸ ಮಾಡತೊಡಗಿದೆ. ಗಿರಾಕಿಗೆ ಶಬ್ದವನ್ನು ಅವನ ಬಾಯಲ್ಲೇ ವಿವರಿಸಲು ಬಿಡುತ್ತಿದ್ದೆ. ನಡುವೆ ತಲೆಯಾಡಿಸುತ್ತಿದ್ದೆ. ಸ್ಕ್ರೂಡ್ರೈವರ್ ಕಿವಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದೆ — ನಾಟಕ. ಆಮೇಲೆ ಅವನು ಆಚೆ ಚಹಾಕ್ಕೆ ಹೋದಾಗ ಪೈಪು ಬಿಚ್ಚಿ ಕೈಯಿಂದ ಪರೀಕ್ಷಿಸುತ್ತಿದ್ದೆ. ಹೀಗೆ ನಡೆದುಹೋಗುತ್ತಿತ್ತು. ಯಾರಿಗೂ ಕೇಡಾಗಲಿಲ್ಲ, ಹಾಗಾಗಿ ನನಗೆ ಅದು ತಪ್ಪು ಎಂದೂ ಅನಿಸಲಿಲ್ಲ.

ಪ್ರಶಾಂತ ಬೈಂದೂರಿನ ಹತ್ತಿರದ ಉಪ್ಪುಂದದವನು. ಮೀನುಗಾರರ ಮನೆಯ ಹುಡುಗ, ಬೋಟಿನಲ್ಲಿ ಕೆಲಸ. ಹಳೆಯ ಡೀಸೆಲ್ ಕಾರೊಂದನ್ನು ತಂದು, "ವಾಸಣ್ಣ, ಹೆದ್ದಾರಿಲಿ ಇದ್ನ ಯಾರೂ ಹಿಂದೆ ಹಾಕೂಕಾಗ" ಎಂದಿದ್ದ. ಗುಜರಿಗೆ ಬಂದಿದ್ದ ದೊಡ್ಡ ಗಾಡಿಯೊಂದರ ಟರ್ಬೋ ಬಿಚ್ಚಿ, ನಾನೇ ಅದಕ್ಕೆ ಕೂರಿಸಿದೆ. ಹಳೆಯ ಸಾಮಾನು, ಒಂದಲ್ಲ ಒಂದು ದಿನ ಸವೆಯುವಂಥದೇ. ಅದನ್ನೂ ಅವನಿಗೆ ಹೇಳಿದ್ದೆ. ಅಲ್ಲಿಯವರೆಗೆ ನಾನು ಸರಿಯಾಗಿಯೇ ಇದ್ದೆ.

ಸುಲೋಚನಾ ಅವನ ಅಕ್ಕ. ಗಂಡ ರತ್ನಾಗಿರಿಯ ಬೋಟಿನಲ್ಲಿ ದುಡಿಯುತ್ತಿದ್ದುದರಿಂದ ಅಪ್ಪ, ತಮ್ಮನ ಜೊತೆಗೇ ಇದ್ದರು. ಬಂದರಿನಲ್ಲಿ ಮೀನು ಕೊಂಡು ಊರೊಳಗೆ ಮಾರುವ ಕೆಲಸ. ತಮ್ಮ ಕಡಲಿಗೆ ಹೋದಾಗ ಅವನ ಕಾರನ್ನು ಅವರೇ ಓಡಿಸುತ್ತಿದ್ದರು. ಅವರ ಕೇರಿಯಲ್ಲಿ ಹೆಂಗಸರು ಯಾರೂ ಕಾರು ಓಡಿಸುತ್ತಿರಲಿಲ್ಲವಂತೆ. ಕಾರಿನಲ್ಲಿ ಕೈ ಕುದುರಿದ ಮೇಲೆ ಒಂದು ಪಿಕಪ್ ವ್ಯಾನು ಕೊಂಡು, ಬಂದರಿನಿಂದ ಸೀದಾ ಹಾಲಾಡಿ, ಬಸ್ರೂರು ಕಡೆಗೆ ತಾನೇ ಮೀನು ಒಯ್ಯಬೇಕು ಎಂದು ಅವರ ಯೋಚನೆ. ಅಪ್ಪ ಮಂಜಣ್ಣನೂ ಒಪ್ಪಿದ್ದರು. ಇದನ್ನೆಲ್ಲ ಪ್ರಶಾಂತನೇ ನನಗೆ ಹೆಮ್ಮೆಯಿಂದ ಹೇಳಿದ್ದ.

ಸುಲೋಚನಾ ಮೊದಲ ಸಲ ಬಂದದ್ದು ಒಬ್ಬರೇ, ಬೆಳಿಗ್ಗೆ. ಗ್ಯಾರೇಜಿನಲ್ಲಿ ನಾಲ್ಕಾರು ಗಂಡಸರು ತಮ್ಮ ಗಾಡಿಗಾಗಿ ಕಾಯುತ್ತ ಬೆಂಚಿನ ಮೇಲೆ ಕುಳಿತಿದ್ದರು.

"ಹ್ವಾಯ್ ವಾಸಣ್ಣ, ಕಾರ್ ಎಂತದೋ ಕೂಗ್ತ್ ಕಾಣಿ" ಎಂದರು. "ತ್ರಾಸಿ ಹತ್ರ ಬಪ್ಪತಿಗೆ ಹಿಂದಿಂದ ಅಂಬ್ಯುಲೆನ್ಸ್ ಬಂತ್ ಅಂದ್ಕಂಡ್ ಬದಿಗೆ ನಿಲ್ಸ್ದೆ. ಕಂಡ್ರೆ ಎಂತದೂ ಇಲ್ಲೆ. ಹೊರ್ಟ್ ಕೂಡ್ಲೆ ಮತ್ತೆ ಕೂಗೂಕ್ ಶುರು. ಆಗ್ಳೇ ಗೊತ್ತಾದ್ದ್, ಅದ್ ನಮ್ ಕಾರಿಂದೇ ಅಂದೇಳಿ."

ಇದಕ್ಕಿಂತ ಚೆನ್ನಾಗಿ ಯಾವ ಗಿರಾಕಿಯೂ ನನಗೆ ಶಬ್ದ ವಿವರಿಸಿದ್ದಿಲ್ಲ. ಸೈರನ್ ಎಂದು ಅವರ ಬಾಯಿಂದಲೇ ಬಂದಂತಾಗಿತ್ತು. ಕಿವಿ ಪೂರ್ತಿ ಹೋದವನಿಗೂ ಆ ಮಾತು ಸಾಕಿತ್ತು. ಆದರೆ ನಾನು... ಬಾನೆಟ್ ತೆರೆದು, ಅವರಿಂದ ಎಕ್ಸಲರೇಟರ್ ಒತ್ತಿಸಿ, ಸ್ಕ್ರೂಡ್ರೈವರ್ ಕಿವಿಗೆ ಹಿಡಿದು ಕಣ್ಣು ಮುಚ್ಚಿದೆ. ಇಂಜಿನ್ನಿನ ದಪ್ಪ ಗುರುಗುಟ್ಟುವಿಕೆ ಕೇಳಿತು. ಮತ್ತೇನೂ ಇಲ್ಲ.

"ಎಂತದೂ ಇಲ್ಲೆ" ಎಂದೆ. "ದೊಡ್ಡ್ ಟರ್ಬೋ ಅಲ್ದಾ, ಒಂಚೂರ್ ಸೀಟಿ ಹೊಡಿತ್ತ್. ಹೆದ್ರುದ್ ಬ್ಯಾಡ."

ಅವರು ಹೋದರು. ನಾನು ಪೈಪು ಬಿಚ್ಚಿ ನೋಡಲಿಲ್ಲ. ಬೇರೆಯವರದ್ದನ್ನೆಲ್ಲ ಕದ್ದಾದರೂ ನೋಡುತ್ತಿದ್ದವನು ಇವರದ್ದನ್ನು ಏಕೆ ನೋಡಲಿಲ್ಲ? ಈ ಪ್ರಶ್ನೆಯನ್ನು ನನಗೇ ಎಷ್ಟು ಸಲ ಹಾಕಿಕೊಂಡಿದ್ದೇನೋ. ಪುರುಸೊತ್ತು ಇರಲಿಲ್ಲ ಎಂದು ಬಹಳ ದಿನ ನಂಬಿದ್ದೆ. ಪುರುಸೊತ್ತಿತ್ತು. ಪೈಪು ಬಿಚ್ಚಿ ನೋಡುವುದು ಒಂದು ಚಹಾ ಕುಡಿಯುವಷ್ಟು ಹೊತ್ತಿನ ಕೆಲಸ. ಅವರ ಜಾಗದಲ್ಲಿ ಒಬ್ಬ ಗಂಡಸು ನಿಂತಿದ್ದರೆ ನೋಡುತ್ತಿದ್ದೆನೋ ಏನೋ — ಏನೋ ಏಕೆ, ನೋಡುತ್ತಿದ್ದೆ. ಹೊಸದಾಗಿ ಡ್ರೈವಿಂಗ್ ಕಲಿತ ಹೆಂಗಸಿಗೆ ಎಲ್ಲ ಶಬ್ದವೂ ಹೆದರಿಕೆಯೇ ಎಂದು ನಾನು ಅಂದುಕೊಂಡಿದ್ದೆ. ಹಾಗೆ ಅಂದುಕೊಂಡದ್ದು ನನಗೆ ಅನುಕೂಲವೂ ಆಗಿತ್ತು.

ಎರಡನೆಯ ಸಲ ಬಂದಾಗ ಅವರ ಮುಖದಲ್ಲಿ ನಗು ಇರಲಿಲ್ಲ. ಆ ದಿನವೂ ಬೆಂಚಿನ ಮೇಲೆ ಜನ ಇದ್ದರು. ಕಾರಿನಿಂದ ಇಳಿಯದೆ ಕಿಟಕಿಯಿಂದಲೇ, "ಜಾಸ್ತಿ ಆಯ್ತ್ ವಾಸಣ್ಣ. ಈಗ ಕೇಣಿ" ಎಂದು ಎಕ್ಸಲರೇಟರ್ ಒತ್ತಿದರು. ಬೆರಳು ಎತ್ತಿ ಗಾಳಿಯಲ್ಲಿ ತೋರಿಸಿದರು — ಈಗ ಏರಿತು, ಈಗ ಇಳಿಯಿತು ಎಂಬಂತೆ. "ಕೇಂಡ್ತಾ? ಈಗ... ಈಗ ಕೇಂತಿಲ್ಯಾ?"

ನನಗೆ ಕೇಳುತ್ತಿರಲಿಲ್ಲ. ಆದರೆ ಅವರ ಬೆರಳು ಕಾಣುತ್ತಿತ್ತು. ಶಬ್ದ ಇದೆ ಎಂದು ಆ ಕ್ಷಣ ನನಗೆ ಗೊತ್ತಾಯಿತು — ಇದನ್ನು ನಾನು ಅಡಗಿಸುವುದಿಲ್ಲ. ಗೊತ್ತಾಯಿತು. ಇಲ್ಲದ ಶಬ್ದಕ್ಕೆ ಯಾರ ಬೆರಳೂ ಹಾಗೆ ಏರಿಳಿಯುವುದಿಲ್ಲ. ಬೆಂಚಿನ ಮೇಲಿದ್ದವರು ನನ್ನತ್ತ ನೋಡುತ್ತಿದ್ದರು. ಅವರಿಗೂ ಕೇಳುತ್ತಿದೆಯೋ, ಕೇಳಿಯೂ ನಾನು ಹೇಳುವುದನ್ನು ಕಾಯುತ್ತಿದ್ದಾರೋ ಎಂದು ನನಗೆ ಅಳುಕಾಯಿತು. ಇವರೆಲ್ಲರ ಎದುರು ಒಬ್ಬ ಹೆಂಗಸು ನನ್ನ ಕಿವಿಯ ಪರೀಕ್ಷೆ ಮಾಡುತ್ತಿದ್ದಾರೆ ಎಂದು ಸಿಟ್ಟು ಬಂತು.

"ನೀವ್ ಪ್ರತಿ ಸಲ ಗ್ಯಾರೇಜಿಗೆ ಬಪ್ಪುದ್ ಬಿಟ್ಟ್, ಮೊದ್ಲ್ ಸಮಾ ಓಡ್ಸೂಕೆ ಕಲಿನಿ" ಎಂದೆ. "ಗೇರ್ ಸಮಾ ಹಾಕ್ರೆ ಯಾವ್ ಕಾರೂ ಕೂಗುದಿಲ್ಲೆ."

ಬೆಂಚಿನ ಮೇಲಿದ್ದವರು ನಕ್ಕರು. ಯಾರೋ ಒಬ್ಬ, "ಅಕ್ಕ, ಮೀನ್ ಬುಟ್ಟಿ ಹೊತ್ತಾಂಗಲ್ಲ ಅದ್" ಎಂದ. ನಾನೂ ನಕ್ಕೆ. ಸುಲೋಚನಾ ಎಕ್ಸಲರೇಟರಿನಿಂದ ಕಾಲು ತೆಗೆದರು. ಕಾರು ಹಿಂದಕ್ಕೆ ತೆಗೆದುಕೊಂಡು ಹೋದರು. ಗೇರು ಚೆನ್ನಾಗಿಯೇ ಹಾಕಿದರು.

ಅಪಘಾತವಾದದ್ದು ಅದಾದ ಕೆಲವೇ ದಿನಗಳಲ್ಲಿ, ಮರವಂತೆಯಲ್ಲಿ. ಬೋಟಿಗೆ ರಜೆ ಇದ್ದ ದಿನ ಅಕ್ಕ ತಮ್ಮ ಇಬ್ಬರೂ ಕುಂದಾಪುರಕ್ಕೆ ಬಂದು ಊರಿಗೆ ಹಿಂತಿರುಗುತ್ತಿದ್ದರು. ಓಡಿಸುತ್ತಿದ್ದವರು ಸುಲೋಚನಾ. ವಾರಗಟ್ಟಲೆ ಕಡಲಿನಲ್ಲಿ ಬೋಟಿನ ಇಂಜಿನ್ನಿನ ಪಕ್ಕ ಇದ್ದು ಬಂದ ಪ್ರಶಾಂತನ ಕಿವಿಗೆ ಆ ಕೂಗು ಬಿದ್ದಿರಲಿಲ್ಲ, ನಗೆಪಾಟಲಾದ ಸುಲೋಚನಾ ಅದನ್ನು ಮನೆಯಲ್ಲಿ ಹೇಳಿಯೂ ಇರಲಿಲ್ಲವಂತೆ. ಎಡಕ್ಕೆ ಕಡಲು, ಅದರ ಅಂಚಿಗೆ ಅಲೆ ತಡೆಯಲು ಪೇರಿಸಿದ ದೊಡ್ಡ ಕಲ್ಲುಗಳು. ಅಲ್ಲಿ ಟರ್ಬೋದ ದಂಡ ಪೂರ್ತಿ ಕಿತ್ತುಹೋಯಿತು. ಹಾಗಾದಾಗ ದಂಡಕ್ಕೆ ಬರುವ ಆಯಿಲ್ ನೇರ ಇಂಜಿನ್ನಿಗೆ ನುಗ್ಗುತ್ತದೆ. ಡೀಸೆಲ್ ಇಂಜಿನ್ನಿಗೆ ಆಯಿಲ್ಲೂ ಒಂದೇ, ಡೀಸೆಲ್ಲೂ ಒಂದೇ. ಅದನ್ನೇ ಉರಿಸಿಕೊಂಡು ತನ್ನಷ್ಟಕ್ಕೆ ತಾನು ಓಡತೊಡಗುತ್ತದೆ. ಎಕ್ಸಲರೇಟರ್ ಬಿಟ್ಟರೂ ನಿಲ್ಲುವುದಿಲ್ಲ, ಕೀ ತಿರುಗಿಸಿ ಆರಿಸಿದರೂ ನಿಲ್ಲುವುದಿಲ್ಲ. ಇಂಜಿನ್ ಕಿರುಚುತ್ತಿತ್ತಂತೆ. ಬಿಳಿ ಹೊಗೆ ಕಾರನ್ನೇ ಮುಚ್ಚಿ, ಮುಂದಿನ ದಾರಿ ಕಾಣದಾಗಿ, ಕಾರು ಎಡಕ್ಕೆ ಸರಿದು ಕಲ್ಲುಗಳಿಗೆ ಬಡಿಯಿತು. ಸುಲೋಚನಾರಿಗೆ ಹಣೆಗೆ ಗಾಯ. ಎಡಬದಿಯಲ್ಲಿ ಕುಳಿತಿದ್ದ ಪ್ರಶಾಂತನ ಎಡಗೈಯ ಮಣಿಕಟ್ಟು ಪುಡಿಯಾಯಿತು. ಆಪರೇಷನ್ ಆಗಿ ಕೈ ಉಳಿಯಿತು, ಆದರೆ ಬಲೆ ಎಳೆಯುವ ಶಕ್ತಿ ಮತ್ತೆ ಬರಲಿಲ್ಲ. ಬೋಟಿನ ಕೆಲಸ ಅಲ್ಲಿಗೇ ಮುಗಿಯಿತು. ಈಗ ಮಂಜುಗಡ್ಡೆ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಣೆ ನೋಡಿಕೊಳ್ಳುತ್ತಾನೆ.

ಕಾರನ್ನು ನನ್ನ ಗ್ಯಾರೇಜಿಗೇ ಎಳೆದು ತಂದರು. ನಾನು ಟರ್ಬೋ ಬಿಚ್ಚಿದೆ. ಚಕ್ರದ ಅಂಚುಗಳು ಉಜ್ಜಿ ಉಜ್ಜಿ ಮೊಂಡಾಗಿದ್ದವು. ಕವಚದ ಒಳಗೆ ಸುತ್ತಲೂ ಗೀರು ಕೊರೆದಿತ್ತು. ಒಂದು ದಿನದಲ್ಲಿ ಆಗುವ ಸವೆತವಲ್ಲ ಅದು. ವಾರಗಟ್ಟಲೆ ಕೂಗಿ ಕೂಗಿ ಆದದ್ದು. ಅಂಗೈಯಲ್ಲಿ ಅದನ್ನು ಹಿಡಿದು ನಿಂತಾಗ ಸುಲೋಚನಾರ ಬೆರಳು ಕಣ್ಣ ಮುಂದೆ ಏರಿ ಇಳಿಯಿತು.

ಮಂಜಣ್ಣ, ಪ್ರಶಾಂತ, ಸುಲೋಚನಾ ಮೂವರೂ ಬಂದರು. ಸುಲೋಚನಾರ ಹಣೆಗೆ ಪಟ್ಟಿ, ಪ್ರಶಾಂತನ ಕೈಗೆ ಪ್ಲಾಸ್ಟರ್. ಮಂಜಣ್ಣ ನಿಧಾನದ ಮನುಷ್ಯ. ಬೈಯಲು ಬಂದವರಲ್ಲ.

"ಎಂತ ಆದ್ದ್ ವಾಸಣ್ಣ? ನಮಗ್ ಗೊತ್ತಾಪುದಿಲ್ಲೆ. ನೀವ್ ಹೇಳ್ದ್ರೆ ಸಮ" ಎಂದರು.

ಇಂಥ ಮನುಷ್ಯನ ಎದುರು ನಿಜ ಹೇಳುವುದು ಎಷ್ಟು ಸುಲಭವಿತ್ತು! ನನ್ನ ಕಿವಿ ಹೋಗಿದೆ ಮಂಜಣ್ಣ, ನಿಮ್ಮ ಮಗಳು ಹೇಳಿದ್ದಳು, ನಾನು ನೋಡಲಿಲ್ಲ — ಇಷ್ಟೇ ಮಾತು. ನಾನು ಹೇಳಿದ್ದು ಇದು:

"ಓಡ್ಸುದ್ರಗೆ ಆದ್ದ್. ಟರ್ಬೋ ಇಪ್ಪು ಕಾರನ್ನ ಬಿಸಿ ಇಪ್ಪತಿಗೆ ಕೂಡ್ಲೆ ಆಫ್ ಮಾಡೂಕಾಗ, ತಣ್ಣಗ್ ಇಪ್ಪತಿಗೆ ಜೋರ್ ಓಡ್ಸೂಕಾಗ. ಗೊತ್ತಿಲ್ದವ್ರ್ ಕೈಗೆ ಕೊಟ್ರೆ ಹೀಂಗೇ ಆಪುದ್."

ಸುಲೋಚನಾ ತಲೆ ಎತ್ತಿದರು. "ನಾ ಎರಡ್ ಸರ್ತಿ ಬಂದ್ ಹೇಳಿದ್ನಲೆ ವಾಸಣ್ಣ? ಕೂಗ್ತ್ ಅಂದೇಳಿ ಹೇಳಿದ್ನಲೆ?"

ಪ್ರಶಾಂತ ನನ್ನ ಮುಖ ನೋಡಿದ. ಮಂಜಣ್ಣ ನೋಡಿದರು.

"ಬಂದಿದ್ರ್" ಎಂದೆ. "ಏಸಿ ತಂಪಾತಿಲ್ಲೆ ಅಂದ್ ಬಂದಿದ್ರ್. ಟರ್ಬೋ ಸುದ್ದಿ ತೆಗಿಲಿಲ್ಲ."

ಸುಲೋಚನಾ ಜಗಳವಾಡುತ್ತಾರೆ ಎಂದುಕೊಂಡಿದ್ದೆ. ಆಡಲಿಲ್ಲ. ನನ್ನನ್ನು ನೋಡುತ್ತಲೇ ನಿಂತರು. ಸಿಟ್ಟು ಇದ್ದಿದ್ದರೆ ನನಗೆ ತಡೆದುಕೊಳ್ಳಲು ಆಗುತ್ತಿತ್ತು. ಅವರ ಕಣ್ಣಿನಲ್ಲಿ ಇದ್ದದ್ದು ಗೊಂದಲ — ತಾನು ಹೇಳಿದ್ದು ಹೌದೋ ಅಲ್ಲವೋ ಎಂದು ನನ್ನ ಮುಖದಲ್ಲಿ ಹುಡುಕುವಂಥ ನೋಟ. ಪ್ರಶಾಂತ, "ಸಾಕ್ ಅಕ್ಕ, ಇನ್ನೊಬ್ರ್ ಮೇಲೆ ಹಾಕ್ಬೇಡ" ಎಂದ. ಸುಲೋಚನಾ ಹೊರಗೆ ಹೋಗಿ ರಸ್ತೆಯ ಬದಿ ನಿಂತರು. ಬೆಂಚಿನ ಮೇಲೆ ಆ ದಿನ ಯಾರೂ ಇರಲಿಲ್ಲ. ಇದ್ದಿದ್ದರೆ... ಇದ್ದಿದ್ದರೂ ಏನು, ಅವರೂ ನಕ್ಕವರೇ.

ಅದೇ ಮಧ್ಯಾಹ್ನ ಆ ಟರ್ಬೋವನ್ನು ಗುಜರಿಯವನಿಗೆ ಎತ್ತಿ ಕೊಟ್ಟೆ. ಇನ್ನೊಬ್ಬ ಮೆಕ್ಯಾನಿಕ್ ಅದನ್ನು ನೋಡಿದ್ದರೆ ಒಂದೇ ನೋಟಕ್ಕೆ ಎಲ್ಲ ತಿಳಿಯುತ್ತಿತ್ತು. ಅದಕ್ಕೇ ಕೊಟ್ಟೆ.

ವ್ಯಾನಿನ ಮಾತು ಅವರ ಮನೆಯಲ್ಲಿ ಮತ್ತೆ ಏಳಲಿಲ್ಲ. ಒಂದು ಸಲ ಹಾಲಾಡಿಯ ಕೂಡುರಸ್ತೆಯಲ್ಲಿ ಕೆಟ್ಟು ನಿಂತ ಜೀಪು ನೋಡಲು ಹೋಗಿದ್ದಾಗ ಸುಲೋಚನಾರನ್ನು ಕಂಡೆ. ಬಾಡಿಗೆಯ ಆಟೋದಿಂದ ಮೀನಿನ ಪೆಟ್ಟಿಗೆ ಇಳಿಸಿಕೊಳ್ಳುತ್ತಿದ್ದರು. ಆಟೋದವನು ತಡವಾಯಿತೆಂದು ರೇಗುತ್ತಿದ್ದ. ಅವರು ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದರು. ನಾನು ಜೀಪಿನ ಬಾನೆಟ್ಟಿನ ಮರೆಗೆ ಸರಿದೆ. ಅವರು ಅಲ್ಲಿಂದ ಹೋಗುವ ತನಕ ತಲೆ ಎತ್ತಲಿಲ್ಲ.

ವರ್ಷಗಳು ಹೋದವು. ಪ್ರಶಾಂತನಿಗೆ ಮದುವೆಯಾಯಿತು. ಅವನು ನನ್ನ ಗಿರಾಕಿಯಾಗಿಯೇ ಉಳಿದಿದ್ದ — ನನ್ನ ಮೇಲೆ ಅವನಿಗೆ ಅಷ್ಟು ನಂಬಿಕೆ. ಹೋದ ವರ್ಷ ಒಂದು ಸಣ್ಣ ಕಾರು ಕೊಂಡು ತೋರಿಸಲು ಬಂದ. ಜೊತೆಗೆ ಹೆಂಡತಿ ಶೈಲಾ. ನಾನು ಮಾತಿಗೆ, "ನೀವೂ ಓಡ್ಸೂಕ್ ಕಲಿತ್ರ್ಯಾ?" ಎಂದು ಆಕೆಯನ್ನು ಕೇಳಿದೆ. ಆಕೆ ಗಂಡನ ಮುಖ ನೋಡಿದಳು.

ಪ್ರಶಾಂತ ನಕ್ಕ. "ಅವ್ಳಿಗ್ ಆಸೆ ಇತ್ತ್. ಆದ್ರೆ ನಮ್ಮನೆಲಿ ಹೆಂಗ್ಸ್ರ್ ಕೈಗೆ ಸ್ಟೇರಿಂಗ್ ಕೊಡುದಿಲ್ಲೆ ವಾಸಣ್ಣ. ಗೊತ್ತಿಲ್ದವ್ರ್ ಕೈಗೆ ಕೊಟ್ರೆ ಹೀಂಗೇ ಆಪುದ್ ಅಂದೇಳಿ ನೀವೇ ಹೇಳಿದ್ರಿ ಅಲ್ದಾ? ಅಪ್ಪಯ್ಯ ಈಗ್ಳೂ ಅದ್ನೇ ಹೇಳ್ತ್ರ್."

ನನ್ನ ಮಾತು. ಒಂದಕ್ಷರವೂ ತಪ್ಪದೆ. ಅವರ ಮನೆಯಲ್ಲಿ ಅದು ಕಟ್ಟಳೆಯಾಗಿ ಕುಳಿತಿತ್ತು. ನಾನು ಆಗಲೂ ಹೇಳಲಿಲ್ಲ. ತಲೆಯಾಡಿಸಿದೆ. ಶೈಲಾ ಕಿಟಕಿಯ ಆಚೆ ನೋಡುತ್ತಿದ್ದಳು. ಅವರು ಹೋದ ಮೇಲೆ ಕೆಲಸ ಮಾಡಲಾಗಲಿಲ್ಲ. ಬಾಗಿಲು ಹಾಕಿ ಮನೆಗೆ ಹೋಗಿ, ಗಿರಿಜಾಗೆ ಎಲ್ಲವನ್ನೂ ಹೇಳಿದೆ. ಕಿವಿಯ ವಿಷಯ ಅವಳು ಎಂದೋ ಊಹಿಸಿದ್ದಳು. ಸುಳ್ಳಿನ ವಿಷಯ ಕೇಳಿ, "ಆ ಹೆಣ್ಣಿನ್ ಎದ್ರ್ ಹೋಯ್ ನಿಂತ್ಕಣಿ. ನನ್ ಎದ್ರ್ ಹೇಳ್ರೆ ಎಂತ ಆತ್ತ್?" ಎಂದಳು.

ಆ ವಾರವೇ ಉಪ್ಪುಂದಕ್ಕೆ ಹೋದೆ. ಮಂಜಣ್ಣ, ಪ್ರಶಾಂತ, ಸುಲೋಚನಾ ಮೂವರೂ ಮನೆಯಲ್ಲಿರುವ ಹೊತ್ತು ನೋಡಿಕೊಂಡೇ ಹೋದೆ. ಮಂಜಣ್ಣ ಕುರ್ಚಿ ಹಾಕಿದರು. ಕೂರಲಿಲ್ಲ. ನಿಂತುಕೊಂಡೇ ಹೇಳಿದೆ. ಸುಲೋಚನಾ ಬಂದದ್ದು, ಅಂಬ್ಯುಲೆನ್ಸ್ ಎಂದದ್ದು, ಬೆರಳು ತೋರಿಸಿದ್ದು, ನಾನು ಬೆಂಚಿನವರನ್ನು ನಗಿಸಿದ್ದು, ಟರ್ಬೋ ಬಿಚ್ಚಿದಾಗ ಕಂಡದ್ದು, ಅದನ್ನು ಗುಜರಿಗೆ ಕೊಟ್ಟದ್ದು. ನನ್ನ ಕಿವಿಯ ವಿಷಯ ಕೊನೆಗೆ ಹೇಳಿದೆ.

ಪ್ರಶಾಂತ ಎದ್ದು ನಿಂತ. ಹೊಡೆಯುತ್ತಾನೆ ಎಂದುಕೊಂಡೆ. ಅವನು ನನ್ನನ್ನು ನೋಡಲಿಲ್ಲ, ಅಕ್ಕನ ಕಡೆ ನೋಡಿದ. ಅಂಗಳಕ್ಕೆ ಇಳಿದು ಹೋದ. ಮಂಜಣ್ಣ ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ನೆಲ ನೋಡುತ್ತ ಕುಳಿತುಬಿಟ್ಟರು.

ಸುಲೋಚನಾ ಬಾಗಿಲಿಗೆ ಒರಗಿ ನಿಂತಿದ್ದರು. ಒಂದೇ ಒಂದು ಪ್ರಶ್ನೆ ಕೇಳಿದರು.

"ಹಂಗಾರೆ ಶಬ್ದ ಇತ್ತಾ?"

"ಇತ್ತ್" ಎಂದೆ.

"ನಂಗೆ ನನ್ ಮೇಲೇ ಸಂಶಯ ಬಂದಿತ್ತ್" ಎಂದರು. "ನೀವ್ ಸುಳ್ಳ್ ಹೇಳ್ದ್ರಿ ಅಂದ್ ಗೊತ್ತಿತ್ತ್. ನಾ ಬಂದ್ ಹೇಳಿದ್ದ್ ನಂಗ್ ನೆನ್ಪಿಲ್ಯಾ? ಆದ್ರೆ ಅಷ್ಟ್ ದೊಡ್ಡ್ ಕೆಮಿಯವ್ರಿಗೇ ಕೇಣದ್ದ್ ನಂಗ್ ಹ್ಯಾಂಗ್ ಕೇಂಡ್ತ್ ಅಂದ್... ಇಲ್ದಿದ್ ಶಬ್ದವೇ ನಂಗ್ ಕೇಂಡದ್ದಾ ಅಂದ್... ಇಷ್ಟ್ ವರ್ಷವೂ ಅದೇ. ತಮ್ಮನ್ ಕೈ ಕಂಡಾಗೆಲ್ಲ ಅದೇ."

ನಾನು ಅವರ ವ್ಯಾನು ಕಸಿದುಕೊಂಡೆ ಎಂದು ತಿಳಿದಿದ್ದೆ. ಅವರ ಮನೆಯವರ ನಂಬಿಕೆ ಕಸಿದುಕೊಂಡೆ ಎಂದು ತಿಳಿದಿದ್ದೆ. ಅವರ ಕಿವಿಗೆ ಕೇಳಿದ್ದನ್ನು ಅವರೇ ನಂಬಲಾಗದ ಹಾಗೆ ಮಾಡಿದ್ದೇನೆ ಎಂಬುದು ಮಾತ್ರ ಅಲ್ಲಿಯತನಕ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಕ್ಷಮಿಸಿ ಎಂದು ಹೇಳಲು ಹೋದೆ. ಬದಲಿಗೆ, ಯಾವ ಬುದ್ಧಿಯಿಂದಲೋ, "ಇನ್ನ್ ಮೇಲಾರೂ ಕಾರ್ ಓಡ್ಸ್ತ್ರ್ಯಾ?" ಎಂದು ಕೇಳಿದೆ.

"ಅದನ್ ನೀವ್ ಕೇಣುದಲ್ಲ" ಎಂದರು ಸುಲೋಚನಾ. ಗದರಿಸಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಆಮೇಲೆ ಒಳಗೆ ಹೋದರು. ನಾನು ಬಸ್ಸು ನಿಲ್ದಾಣಕ್ಕೆ ನಡೆದೆ. ಅವರು ಮತ್ತೆ ಓಡಿಸಿದರೋ ಇಲ್ಲವೋ ನನಗೆ ಗೊತ್ತಿಲ್ಲ. ತಿಳಿದುಕೊಳ್ಳಲು ಹೋಗಿಲ್ಲ.

ಪ್ರಶಾಂತ ಸುದ್ದಿಯನ್ನು ಊರಿಡೀ ಹೇಳಿದ. ಹೇಳಬೇಕಾದದ್ದೇ. ಕೆಲವು ಗಿರಾಕಿಗಳು ಬಿಟ್ಟುಹೋದರು. ಆದರೆ ಬಾಯಿಂದ ಬಾಯಿಗೆ ಹೋಗುತ್ತ ಸುದ್ದಿಯ ರೂಪ ಬದಲಾಗಿದೆ. ಈಗ ಗ್ಯಾರೇಜಿಗೆ ಬರುವವರು, "ಪಾಪ ವಾಸಣ್ಣ, ಕೆಮಿ ಹೋದ್ದಕ್ಕೆ ನೀವ್ ಎಂತ ಮಾಡೂಕಾತ್ತ್? ಯಾರಿಗಾರೂ ಆಪುದೇ" ಎನ್ನುತ್ತಾರೆ. ಕೆಲವರಂತೂ ಇಷ್ಟು ವರ್ಷದ ಮೇಲೆ ತಾನಾಗಿ ಹೋಗಿ ಹೇಳಿದನಲ್ಲ ಎಂದು ಹೊಗಳುತ್ತಾರೆ. ಮೊದಮೊದಲು ಆ ಸಮಾಧಾನ ನನಗೆ ಹಿತವಾಗಿತ್ತು. ಸುಮ್ಮನೆ ಕೇಳಿಸಿಕೊಳ್ಳುತ್ತಿದ್ದೆ — ಮತ್ತೊಂದು ಸುಳ್ಳಿನ ಹಾಗೆ ಅದೂ ಬೆಳೆಯುತ್ತಿದೆ ಎಂದು ಗೊತ್ತಾಗುವ ತನಕ.

ಅದಕ್ಕೇ ಇದನ್ನು ಬರೆದೆ. ನನ್ನ ಕಿವಿ ಹೋದದ್ದಕ್ಕೂ ಸುಲೋಚನಾರಿಗೆ ಆದದ್ದಕ್ಕೂ ಗಂಟು ಹಾಕಬೇಡಿ. ಆ ದಿನ ಮಂಜಣ್ಣ ಕೇಳಿದ ಪ್ರಶ್ನೆ ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಸುಲೋಚನಾ ಕೇಳಿದ್ದೂ ಕೇಳಿಸಿತ್ತು. ಎರಡಕ್ಕೂ ನಾನು ಗೊತ್ತಿದ್ದೇ ಉತ್ತರ ಕೊಟ್ಟೆ.